ವಗ್ದಿಯ ಜಪಾನಿ ಪಾಂಡಿತ್ಯ

ನಮ್ಮ ಪೋರ್ಟ್ ಸಯೀದಿನಲ್ಲಿ ಸುಳ್ಳು ಹೊಸ ಸರಕೇನಲ್ಲ. ಕಾಲುವೆಯಲ್ಲಿ ಹಗಲೂ ರಾತ್ರಿ ಹಡಗು ಹಾಯುವ ಊರು; ಪ್ರತಿ ಹಡಗಿನಿಂದಲೂ ಒಂದೊಂದು ಸುಳ್ಳು ಸುಂಕವಿಲ್ಲದೆ ಇಳಿಯುತ್ತದೆ. ಆದರೆ ನನ್ನ ಗೆಳೆಯ ವಗ್ದಿ ಹೇಳಿದ್ದು ಸುಳ್ಳೋ ನಿಜವೋ ಎಂದು ತೀರ್ಮಾನಿಸುವುದಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿಯೇ ಬಂದು ಕೂರಬೇಕಾಯಿತು. ಅಂಥ ಮರ್ಯಾದೆ ನಮ್ಮ ಬೀದಿಯ ಬೇರೆ ಯಾವ ಸುಳ್ಳಿಗೂ ಸಿಕ್ಕಿಲ್ಲ.

ವಗ್ದಿಯ ಕೆಲಸ ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು. ನಲವತ್ತೆರಡು ವರ್ಷ, ಸಾಧು ಪ್ರಾಣಿ. ಓದು ಎಂದರೆ ಅವನಿಗೆ ಅಷ್ಟೇ. ಅದರಲ್ಲೂ ಒಮ್ಮೆ ಒಂದು ಮನೆಯಲ್ಲಿ ಮೀಟರ್ ಬಿಟ್ಟು ಅದರ ಪಕ್ಕ ತೂಗುಹಾಕಿದ್ದ ಗಡಿಯಾರವನ್ನು ಓದಿ ಬರೆದುಕೊಂಡು ಬಂದಿದ್ದ. ಮೇಲಿನವರು ಕೇಳಿದಾಗ, “ಎರಡರಲ್ಲೂ ಮುಳ್ಳು ತಿರುಗ್ತಾ ಇತ್ತು ಸಾರ್” ಎಂದಿದ್ದ. ಇಂಥವನು ವಿದ್ವಾಂಸನಾದ ಬಗೆಯನ್ನು ಹೇಳುತ್ತೇನೆ.

ಪ್ರತಿ ಶುಕ್ರವಾರ ಮಧ್ಯಾಹ್ನ ನಾವು ನಾಲ್ವರು ಮೀನು ಮಾರುಕಟ್ಟೆಯ ಹಿಂದಿನ ಕಾಫಿ ಅಂಗಡಿಯಲ್ಲಿ ಸೇರುತ್ತೇವೆ. ವಗ್ದಿ, ಮೀನು ಮಾರುವ ಶಹ್ತಾ, ಔಷಧದಂಗಡಿಯ ಬಿಶಾರ, ಮತ್ತು ಟಿ.ವಿ. ರಿಪೇರಿ ಮಾಡುವ ನಾನು. ಹುಡುಗರಾಗಿದ್ದಾಗ ಶಹ್ತಾನ ಮಾವನ ಅಂಗಡಿಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು ವಿಡಿಯೋ ಗೇಮ್ ಆಡುತ್ತಿದ್ದವರು ನಾವು. ಮೈಯಲ್ಲಿ ಬೊಜ್ಜು ಬಂದರೂ ಮಾತು ಮಾತ್ರ ಇನ್ನೂ ಅದೇ.

“ಈಗಿನ ಆಟ ಒಂದು ಆಟವೇನಯ್ಯಾ?” ಎಂದು ಆ ದಿನ ಶಹ್ತಾ ಶುರು ಮಾಡಿದ. “ನನ್ನ ಮಗ ಬುಧವಾರ ಹೊಸ ಆಟ ಆಡ್ತೀನಿ ಅಂತ ಕೂತ. ಇವತ್ತು ಶುಕ್ರವಾರ. ಇನ್ನೂ ಇಂಟರ್‌ನೆಟ್‌ನಿಂದ ಇಳೀತಾನೇ ಇದೆ. ಅಷ್ಟು ಹೊತ್ತಿಗೆ ನನ್ನ ದೋಣಿ ಸೈಪ್ರಸ್ ಮುಟ್ಟಿ ವಾಪಸ್ ಬಂದಿರುತ್ತೆ.”

“ಇಳಿದ ಮೇಲೆ ಅಪ್‌ಡೇಟ್ ಬೇಕು ಅನ್ನುತ್ತೆ, ತಾಳು,” ಎಂದ ಬಿಶಾರ. “ನನ್ನ ಮಗಳ ಆಟದಲ್ಲಿ ಆ ಆಟಗಾರನಿಗೆ ಹೊಸ ಬೂಟು ಬೇಕಂತೆ. ನಿಜವಾದ ದುಡ್ಡು ಕೊಟ್ಟು ಕೊಡಿಸಬೇಕಂತೆ. ನನ್ನ ಕಾಲಲ್ಲಿರೋ ಚಪ್ಪಲಿ ನೋಡು ಒಂದ್ಸಲ.”

“ನಮ್ಮ ಕಾಲದಲ್ಲಿ ಕ್ಯಾಸೆಟ್ ತೆಗೆದು ಉಫ್ ಅಂತ ಊದಿದರೆ ಆಟ ಶುರು,” ಎಂದೆ ನಾನು. ಊದಿದ್ದರಿಂದ ಆಟ ಶುರುವಾಗುತ್ತಿರಲಿಲ್ಲ, ಉಗುಳು ಹತ್ತಿ ಒಳಗಿನ ತಂತಿ ತುಕ್ಕು ಹಿಡಿಯುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ಆ ಉಗುಳಿನಿಂದಲೇ ನನ್ನ ರಿಪೇರಿ ಅಂಗಡಿ ಇಷ್ಟು ವರ್ಷ ನಡೆದದ್ದು. ಆದರೆ ಹಳೆಯದನ್ನು ಹೊಗಳುವಾಗ ಇಂಥದ್ದನ್ನೆಲ್ಲ ಬಾಯಿಬಿಡಬಾರದು.

ಕೊನೆಗೆ ಮಾತು ಎಂದಿನಂತೆ ಜಪಾನಿ ಫುಟ್‌ಬಾಲ್ ಆಟಕ್ಕೆ ಬಂದು ನಿಂತಿತು. ಆಗ ನಮ್ಮ ಮಾರುಕಟ್ಟೆಗೆ ಬರುತ್ತಿದ್ದ ಡಿಸ್ಕುಗಳೆಲ್ಲ ಜಪಾನಿನ ಆಟದ ನಕಲುಗಳು. ತೆರೆಯ ಮೇಲೆ ಮೂಡುವ ಒಂದಕ್ಷರವೂ ಯಾರಿಗೂ ತಿಳಿಯದು. ಆದರೂ ಇಡೀ ಊರು ಆಡಿತು. ಮೂರನೇ ಸಾಲು, ಅಲ್ಲಿ ಎರಡನೆಯದು, ದುಂಡು ಗುಂಡಿ, ಮತ್ತೆ ದುಂಡು ಗುಂಡಿ. ಇದು ನಮಗೆಲ್ಲ ಬಾಯಿಪಾಠ. ಒಂದು ಸಾಲು ತಪ್ಪಿದರೆ ಮುಗಿಯಿತು, ಕೊಟ್ಟ ಗಂಟೆಯೆಲ್ಲ ಕಾರ್ನರ್ ಕಿಕ್ ಅಭ್ಯಾಸದಲ್ಲೇ ಕಳೆಯಬೇಕು. ಆಗೆಲ್ಲ ಹುಡುಗರು ಕೂಗುತ್ತಿದ್ದುದು ವಗ್ದಿಯನ್ನು. ಬ್ರೆಜಿಲ್ ಎಲ್ಲಿದೆ ಎಂದರೆ ಅವನು ಸ್ಯಾಂಡ್‌ವಿಚ್ ತಿನ್ನುತ್ತಲೇ, “ಎರಡನೇ ಪುಟ, ನಾಲ್ಕನೇ ಸಾಲು, ಕೊನೇದು” ಎನ್ನುತ್ತಿದ್ದ. ಬದುಕಿನಲ್ಲಿ ಅವನನ್ನು ಯಾರಾದರೂ ದಾರಿ ಕೇಳಿದ್ದರೆ ಅದು ಆಗ ಮಾತ್ರ.

“ಈಗ ನೋಡು, ಎಲ್ಲಾ ಅರಬ್ಬಿಯಲ್ಲೇ ಇರುತ್ತೆ. ಕತ್ತೆ ಬೇಕಾದ್ರೂ ಆಡುತ್ತೆ,” ಎಂದ ಶಹ್ತಾ.

ವಗ್ದಿ ಚಹಾದ ಲೋಟ ಕೆಳಗಿಟ್ಟ. “ನಾವು ಹಾಗಲ್ಲ. ಜಪಾನಿ ಕಲಿತು ಆಡಿದವರು. ನನಗಂತೂ ಜಪಾನಿ ಬರುತ್ತೆ.”

ನಾವು ಮೂವರೂ ಗಂಭೀರವಾಗಿ ತಲೆಯಾಡಿಸಿದೆವು. ಏಕೆಂದರೆ ಆ ಲೆಕ್ಕದಲ್ಲಿ ನಮಗೂ ಬರುತ್ತಿತ್ತು. ಪಕ್ಕದ ಮೇಜಿನಲ್ಲಿ ಸುಂಕದ ಕಚೇರಿಯ ಮಮ್ದೂಹ್ ಪತ್ರಿಕೆ ಓದುತ್ತ ಕೂತಿದ್ದ. ವಗ್ದಿಯ ಕೆಳಗಿನ ಮನೆಯವನು. ಅವನು ಪತ್ರಿಕೆ ಮಡಿಸಿದ.

“ನಿಜವಾಗ್ಲೂ ಬರುತ್ತಾ?”

“ಓದೋಕೆ ಬರುತ್ತೆ,” ಎಂದ ವಗ್ದಿ. ಆಮೇಲೆ, ಉತ್ಪ್ರೇಕ್ಷೆ ಮಾಡಬಾರದೆಂದು, “ಮಾತು ಸ್ವಲ್ಪ ಸ್ವಲ್ಪ” ಎಂದು ಸೇರಿಸಿದ.

ಕಾಫಿ ಅಂಗಡಿಯಿಂದ ವಗ್ದಿಯ ಮನೆಗೆ ಕಾಲ್ನಡಿಗೆಯಲ್ಲಿ ಎಂಟು ನಿಮಿಷ. ಮಾತಿಗೆ ಮೂರು ನಿಮಿಷ ಸಾಕು. ಮಮ್ದೂಹ್ ಫೋನಿನಲ್ಲಿ ಹೆಂಡತಿಗೆ ಹೇಳಿದ. ಅವಳು, ಮೇಲಿನ ಬಾಲ್ಕನಿಯಿಂದ ತರಕಾರಿಗೆಂದು ಬುಟ್ಟಿ ಇಳಿಬಿಡುತ್ತಿದ್ದ ವಗ್ದಿಯ ಹೆಂಡತಿ ಗಿಹಾನಳಿಗೆ ಹೇಳಿದಳು. ವಗ್ದಿ ಬಾಗಿಲು ತಟ್ಟುವಷ್ಟರಲ್ಲಿ ಕೆಲಸ ಕೆಟ್ಟಿತ್ತು.

ವಿಷಯವೇನೆಂದರೆ, ಆ ವರ್ಷ ನಮ್ಮೂರಿನಲ್ಲಿ ಫನಾರ್ ಶಾಲೆ ಎಂಬುದು ಜಪಾನಿ ಪದ್ಧತಿಯಲ್ಲಿ ಶುರುವಾಗಿತ್ತು. ಅಲ್ಲಿ ಮಕ್ಕಳೇ ತರಗತಿ ಗುಡಿಸುತ್ತವಂತೆ, ಮಕ್ಕಳೇ ಊಟ ಬಡಿಸುತ್ತವಂತೆ, ಮಾತಿಗೆ ಮುಂಚೆ ತಲೆಬಾಗುತ್ತವಂತೆ. ತಿಂದ ತಟ್ಟೆ ಎತ್ತದ ಗಂಡಂದಿರ ನಡುವೆ ಬಾಳಿದ ನಮ್ಮ ಊರಿನ ತಾಯಂದಿರಿಗೆ ಇದಕ್ಕಿಂತ ಸ್ವರ್ಗ ಬೇರೆ ಬೇಕೆ? ಇದ್ದ ಜಾಗ ನಲವತ್ತು. ಕೊನೆಯ ಸುತ್ತಿಗೆ ಉಳಿದ ಮಕ್ಕಳು ಎಂಬತ್ತು. ಅದರಲ್ಲಿ ವಗ್ದಿಯ ಮಗಳು ಐದೂವರೆ ವರ್ಷದ ಶಾಹಿಂದಾಳೂ ಒಬ್ಬಳು, ಮಮ್ದೂಹನ ಮಗ ತಮೀಮನೂ ಒಬ್ಬ. ಕೊನೆಯ ಅರ್ಜಿಯಲ್ಲಿ ತಂದೆಗೆ ಬರುವ ಭಾಷೆಗಳು ಎಂಬ ಸಾಲಿತ್ತು. ಗಿಹಾನ್ ಫೋನಿನಲ್ಲೇ ಅಲ್ಲಿ “ಜಪಾನಿ: ಅತ್ಯುತ್ತಮ” ಎಂದು ತುಂಬಿ ಕಳುಹಿಸಿಬಿಟ್ಟಿದ್ದಳು.

“ನಾನು ಹಾಗಂದಿದ್ದು ಆಟದ ಮಟ್ಟಿಗೆ ಕಣೇ,” ಎಂದ ವಗ್ದಿ.

“ನೋಡಿ ಶಾಹಿಂದಾ ಅಪ್ಪ, ಮದುವೆಯಾಗಿ ಹನ್ನೊಂದು ವರ್ಷ ಆಯ್ತು. ನಿಮ್ಮ ಬಗ್ಗೆ ಬೇರೆಯವರ ಬಾಯಲ್ಲಿ ಒಳ್ಳೇ ಮಾತು ಕೇಳಿದ್ದು ಇವತ್ತೇ. ಅದನ್ನೂ ಸುಳ್ಳು ಅನ್ನಬೇಡಿ.”

ಹೀಗಂದ ಮೇಲೆ ಯಾವ ಗಂಡಸು ತಾನೇ ಸತ್ಯ ಹೇಳಿಯಾನು? ಮರುದಿನದಿಂದ ನೆರೆಹೊರೆಯವರು ಜಪಾನಿ ಸಾಮಾನು ಹೊತ್ತು ತರತೊಡಗಿದರು. ಮೂರನೇ ಮಹಡಿಯ ಮುದುಕಿ ಬೆನ್ನುನೋವಿನ ಪಟ್ಟಿಯ ಡಬ್ಬ ತಂದು ಹೇಗೆ ಹಚ್ಚಬೇಕೆಂದು ಕೇಳಿದಳು. ವಗ್ದಿ ಡಬ್ಬವನ್ನು ಹಿಂದೆಮುಂದೆ ತಿರುಗಿಸಿ, “ಮೂರನೇ ಸಾಲು ನೋಡ್ಕೊಳ್ಳಿ ಹಜ್ಜಾ, ಮುಖ್ಯವಾದದ್ದು ಯಾವಾಗಲೂ ಅಲ್ಲೇ ಇರುತ್ತೆ” ಎಂದ. ಅಂಗಡಿಗೆ ಹೋಗಿ ಕೇಳಿದಾಗ ಬಿಶಾರ ಅದು ಚೀನಾದ್ದೆಂದು ಹೇಳಿದನಂತೆ. ಆದರೂ ಮುದುಕಿ ಮೂರು ಪಟ್ಟಿ ಹಚ್ಚಿಕೊಂಡು ಗುಣವಾಯಿತೆಂದು ಊರೆಲ್ಲ ಸಾರಿದಳು.

ಸಂದರ್ಶನದ ದಿನ ನಾನೂ ಆ ಕೋಣೆಯಲ್ಲೇ ಇದ್ದೆ. ಮುಖ್ಯೋಪಾಧ್ಯಾಯಿನಿ ಅಬ್ಲಾ ನಗಾತ್ ತಮ್ಮ ಕೋಣೆಯ ಟಿ.ವಿ. ಸರಿ ಮಾಡಲು ಕರೆಸಿದ್ದರು. ನಾನು ಟಿ.ವಿ. ಹಿಂದೆ ಕೂತಿದ್ದೆ. ಮೇಜಿನ ಮುಂದೆ ಅಬ್ಲಾ ನಗಾತ್, ಇಲಾಖೆಯಿಂದ ಬಂದ ಉಸ್ತಾದ್ ಫಿಕ್ರಿ, ಜಪಾನಿನ ತಜ್ಞೆ ಹಸೆಗಾವಾ ಮೇಡಂ, ಮತ್ತು ಕೈರೋದಿಂದ ಬಂದ ದುಭಾಷಿ ಹುಡುಗಿ. ಮೂಲೆಯಲ್ಲಿ ಮಕ್ಕಳು ಮರದ ತುಂಡುಗಳ ಜೊತೆ ಆಡುತ್ತಿದ್ದವು. ತಮೀಮ್ ಒಂದು ಬುಟ್ಟಿ ತುಂಡುಗಳನ್ನು ಇನ್ನೊಬ್ಬ ಹುಡುಗನ ತಲೆ ಮೇಲೆ ಸುರಿಯುತ್ತಿದ್ದ. ಹೊರಗಡೆ ಕಿಟಕಿಯಿಂದ ನೋಡುತ್ತಿದ್ದ ಮಮ್ದೂಹ್, “ನಾಯಕತ್ವದ ಗುಣ” ಎನ್ನುತ್ತಿದ್ದುದು ನನಗೆ ಕೇಳಿಸಿತು.

“ಈ ತಂದೆಯವರಿಗೆ ಜಪಾನಿ ಬರುತ್ತೆ,” ಎಂದರು ಅಬ್ಲಾ ನಗಾತ್, ತಾವೇ ಕಲಿಸಿದವರ ಹಾಗೆ. “ಮಾತಾಡಿ ಉಸ್ತಾದ್ ವಗ್ದಿ.”

ವಗ್ದಿ ಎದ್ದು ನಿಂತ. ಸೊಂಟದಿಂದ ಬಾಗಿದ. ಬಾಗಿದ ರಭಸಕ್ಕೆ ತಲೆ ತಾಗಿ ಮೇಜಿನ ಮೇಲಿನ ಚಹಾ ಉರುಳಿತು. ಗಾಬರಿಯಲ್ಲಿ ಅವನು, ಹುಡುಗನಾಗಿದ್ದಾಗ ಆ ಆಟದ ವೀಕ್ಷಕ ವಿವರಣೆಯಲ್ಲಿ ಸಾವಿರ ಸಲ ಕೇಳಿದ್ದ ನಾಲ್ಕು ವಾಕ್ಯಗಳನ್ನು ಒಂದೇ ಉಸಿರಿನಲ್ಲಿ, ಅದೇ ಏರುದನಿಯಲ್ಲಿ, ಅಬ್ಲಾ ನಗಾತರ ಕಡೆ ಗೌರವದಿಂದ ಕೈತೋರಿಸುತ್ತ ಒದರಿಬಿಟ್ಟ.

ಹಸೆಗಾವಾ ಮೇಡಂ ಬೆಚ್ಚಿ ಹಿಂದೆ ತಿರುಗಿ ನೋಡಿದರು. ಚೆಂಡು ಬರುತ್ತಿದೆಯೇನೋ ಎಂಬಂತಿತ್ತು ಆ ನೋಟ.

“ಏನಂದ್ರು?” ಎಂದರು ಅಬ್ಲಾ ನಗಾತ್.

ದುಭಾಷಿ ಹುಡುಗಿ ಮುಖದಲ್ಲಿ ಒಂದು ಗೆರೆಯನ್ನೂ ಅಲ್ಲಾಡಿಸಲಿಲ್ಲ. “ಕಾರ್ನರ್ ಕಿಕ್. ಗೋಲ್‌ಕೀಪರ್ ಹಿಡಿದುಬಿಟ್ಟ. ಛೇ, ಕಂಬಕ್ಕೆ ಬಡೀತು. ಇದೀಗ ದ್ವಿತೀಯಾರ್ಧ ಶುರು.”

ಹಸೆಗಾವಾ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಕೇಳಿದರು.

“ಎಷ್ಟಕ್ಕೆ ಎಷ್ಟು ಅಂತ ಕೇಳ್ತಿದಾರೆ,” ಎಂದಳು ಹುಡುಗಿ.

“ಡ್ರಾ,” ಎಂದ ವಗ್ದಿ, ಅರಬ್ಬಿಯಲ್ಲಿ.

ಅವನ ಪಕ್ಕದ ಕುರ್ಚಿಯಲ್ಲಿ ಗಿಹಾನ್ ಕಣ್ಣು ಮುಚ್ಚಿಕೊಂಡಿದ್ದಳು. ಈ ಗಲಾಟೆಯಲ್ಲಿ ಯಾರೂ ನೋಡದ್ದನ್ನು ನಾನು ಟಿ.ವಿ. ಹಿಂದಿನಿಂದ ನೋಡಿದೆ. ಶಾಹಿಂದಾ ಕಿಟಕಿಯ ಮೇಲಿದ್ದ ಬಟ್ಟೆಚೂರು ತಂದು ಅಪ್ಪ ಚೆಲ್ಲಿದ ಚಹಾ ಒರೆಸಿದಳು, ಬಟ್ಟೆ ಹಿಂಡಿ ಮತ್ತೆ ಅಲ್ಲೇ ಇಟ್ಟಳು, ತಮೀಮ್ ಸುರಿದ ತುಂಡುಗಳನ್ನು ಬುಟ್ಟಿಗೆ ತುಂಬಿದಳು. ಹಸೆಗಾವಾ ಮೇಡಂ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿದರು.

ಆ ಸಂಜೆಯೇ ಅವರು ಹಾಳೆಯನ್ನು ಕೊಟ್ಟು ವಿಮಾನ ಹತ್ತಿದರು. ಅದರಲ್ಲಿ ಎಂಬತ್ತು ಹೆಸರು. ನಲವತ್ತರ ಮುಂದೆ ರೈಟ್ ಗುರುತು, ನಲವತ್ತರ ಮುಂದೆ ದುಂಡು ಗುರುತು. ಯಾವ ಕಡೆಯಿಂದ ಎಣಿಸಿದರೂ ನಲವತ್ತೇ. ಅಬ್ಲಾ ನಗಾತರಿಗೆ ಅನುಮಾನವೇ ಬರಲಿಲ್ಲ. ರೈಟ್ ಅಂದರೆ ರೈಟು. ನಮ್ಮ ಅರಬ್ಬಿ ಬರಹದಲ್ಲಿ ಐದರ ಅಂಕಿ ದುಂಡಗೆ ಇರುತ್ತದೆ. ಹಾಗಾಗಿ ದುಂಡು ಅಂದರೆ ಹತ್ತಕ್ಕೆ ಐದು. ಹತ್ತಕ್ಕೆ ಐದು ತೆಗೆದವರಿಗೆ ಜಪಾನಿ ಪೊರಕೆ ಹಿಡಿಯುವ ಯೋಗ್ಯತೆಯಿಲ್ಲ. ಹಾಳೆಯ ಪ್ರತಿಯನ್ನು ಗೇಟಿಗೆ ಅಂಟಿಸಿದರು.

ತಮೀಮನ ಹೆಸರಿನ ಮುಂದೆ ಕೊಬ್ಬಿದ ರೈಟ್ ಗುರುತು. ಮಮ್ದೂಹನ ಹೆಂಡತಿ ಗೇಟಿನಲ್ಲೇ ನಾಲಗೆ ಹೊರಳಿಸಿ ಮದುವೆಮನೆಯ ಕೇಕೆ ಹಾಕಿದಳು. ಅವನು ಬಂದವರಿಗೆಲ್ಲ ಕೆಂಪು ಶರಬತ್ತು ಹಂಚಿದ. ಶಾಹಿಂದಾಳ ಮುಂದೆ ದುಂಡು.

ವಗ್ದಿ ಹಾಳೆಯನ್ನು ನೋಡಿ ನಕ್ಕ. “ಪಾಸಾಗಿದ್ದಾಳೆ. ದುಂಡು ಅಂದರೆ ಹೌದು ಅಂತ.”

ಜನ ಶರಬತ್ತು ಮೂಗಿಗೆ ಏರುವಂತೆ ನಕ್ಕರು. “ಯಾವ ಭಾಷೆಯಲ್ಲಿ ವಗ್ದಿ?” ಎಂದ ಮಮ್ದೂಹ್. “ಕಾರ್ನರ್ ಕಿಕ್ ಭಾಷೆಯಲ್ಲಾ?”

“ಜಪಾನಿನಲ್ಲಿ ದುಂಡು ಅಂದ್ರೆ ಸರಿ. ನನಗೆ ಗೊತ್ತು.”

“ಸಾಕು,” ಎಂದಳು ಗಿಹಾನ್. ಅವಳ ದನಿ ಸಣ್ಣಗಿತ್ತು. “ನಿಮಗೆ ಗೊತ್ತಿರೋದೆಲ್ಲ ಗೊತ್ತಾಯ್ತು. ನಿಮ್ಮ ಬಾಯಿಂದ ನನ್ನ ಮಗು ಫೇಲಾದಳು.” ಮಗಳ ಕೈ ಹಿಡಿದು ಹೊರಟೇಬಿಟ್ಟಳು. ಶಾಹಿಂದಾ ಅಪ್ಪನನ್ನು ತಿರುತಿರುಗಿ ನೋಡುತ್ತ ಹೋದಳು. ಚಹಾ ಚೆಲ್ಲಿದ್ದು ಅವನು, ಒರೆಸಿದ್ದು ಅವಳು, ಶಿಕ್ಷೆ ಇಬ್ಬರಿಗೂ.

ನೋಡಿ ವಿಧಿಯಾಟ. ಸುಳ್ಳು ಹೇಳಿದಾಗ ಇಡೀ ಬೀದಿ ನಂಬಿತು. ಜೀವಮಾನದಲ್ಲಿ ಮೊದಲ ಸಲ ನಿಜ ಹೇಳಿದಾಗ ಹೆಂಡತಿಯೂ ನಂಬಲಿಲ್ಲ. ವಗ್ದಿ ನೇರ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ.

“ನೀನು ಹೇಳು. ದುಂಡು ಗುಂಡಿ ಒತ್ತಿ ಒಂದು ಸಲವಾದ್ರೂ ಹಿಂದಕ್ಕೆ ಹೋಗಿದ್ದೀವಾ?”

ಯೋಚಿಸಿದೆ. ಇಲ್ಲ. ದುಂಡು ಒತ್ತಿದರೆ ಮುಂದೆ, ಇಂಟು ಒತ್ತಿದರೆ ಹಿಂದೆ. ಊರಿನ ನಮ್ಮ ವಯಸ್ಸಿನ ಯಾವ ಗಂಡಸನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇದನ್ನೇ ಹೇಳುತ್ತಾನೆ. ದುಭಾಷಿ ಹುಡುಗಿಗೆ ಸಂದೇಶ ಕಳಿಸೋಣವೆಂದು ಶಾಲೆಯ ಗುಮಾಸ್ತನಿಗೆ ದುಂಬಾಲು ಬಿದ್ದು, “ದುಂಡು ಅಂದರೆ ಪಾಸಾ? ಮೇಡಂ ಅವರನ್ನು ಕೇಳಿ ಹೇಳಿ” ಎಂದು ಬರೆಸಿದೆವು. ಉತ್ತರವಿಲ್ಲ. ಮರುದಿನ ಎರಡು ಗಂಟೆಗೆ ಪಟ್ಟಿ ಇಲಾಖೆಗೆ ಹೋಗುವುದಿತ್ತು. ಹೋದರೆ ಮುಗಿಯಿತು, ಇಲಾಖೆಗೆ ಒಳಗೆ ಹೋದ ಕಾಗದ ಹೊರಗೆ ಬಂದ ಉದಾಹರಣೆ ನಮ್ಮ ಪ್ರಾಂತ್ಯದಲ್ಲಿ ಇಲ್ಲ.

ಹೀಗಾಗಿ ಮರುದಿನ ಒಂದು ಗಂಟೆಗೆ ನಾವು ನಾಲ್ವರು ಶಹ್ತಾನ ಮಾವನ ಅಂಗಡಿಯ ಹಳೆಯ ಆಟದ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಗೆ ಒಯ್ಯುವವರ ಹಾಗೆ ಎತ್ತಿಕೊಂಡು ಅಬ್ಲಾ ನಗಾತರ ಕೋಣೆಗೆ ನುಗ್ಗಿದೆವು. ಉಸ್ತಾದ್ ಫಿಕ್ರಿ ಮೊಹರಿನ ಪೆಟ್ಟಿಗೆ ತೆರೆದು ಕೂತಿದ್ದರು. ಸುದ್ದಿ ಮೂಸಿ ಮಮ್ದೂಹನೂ ಹಿಂದೆಯೇ ಬಂದ.

“ಇದೇನಿದು?” ಎಂದರು ಫಿಕ್ರಿ.

“ಸಾಕ್ಷಿ,” ಎಂದ ವಗ್ದಿ.

“ಇದರ ಮೇಲೆ ಸರ್ಕಾರದ ಮೊಹರು ಇದೆಯಾ?”

“ನನ್ನ ಮೀನಿನ ಕೈ ಗುರುತು ಇದೆ, ಉಸ್ತಾದ್,” ಎಂದ ಶಹ್ತಾ. “ಇಪ್ಪತ್ತು ವರ್ಷದಿಂದ ಹೋಗಿಲ್ಲ.”

ನಾನೇ ರಿಪೇರಿ ಮಾಡಿದ ಟಿ.ವಿ.ಗೆ ನಾನೇ ತಂತಿ ಸಿಕ್ಕಿಸಿದೆ. ತೆರೆಯ ಮೇಲೆ ಜಪಾನಿ ಅಕ್ಷರಗಳು ಮೂಡಿದವು. ವಗ್ದಿ ಆಡುವ ಗುಂಡಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಬ್ಲಾ ನಗಾತರ ಮುಂದೆ ಹಿಡಿದ. “ನೀವೇ ಒತ್ತಿ ಅಬ್ಲಾ. ನನ್ನ ಕೈ ಬೇಡ. ಮೊದಲು ದುಂಡು.”

ಅವರು ಬಿಸಿ ಕಾವಲಿ ಮುಟ್ಟುವವರಂತೆ ಬೆರಳ ತುದಿಯಿಂದ ಒತ್ತಿದರು. ಆಟ ಮುಂದೆ ಹೋಯಿತು. ಇಂಟು ಒತ್ತಿದರು. ಹಿಂದೆ ಬಂತು. ಮತ್ತೆ ದುಂಡು, ಮುಂದೆ. ಮತ್ತೆ ಇಂಟು, ಹಿಂದೆ. ಐದಾರು ಸಲ ಒತ್ತಿದ ಮೇಲೆ ಅವರು ಯಾಕೆ ಒತ್ತುತ್ತಿದ್ದಾರೆಂಬುದು ಅವರಿಗೇ ಮರೆತಂತಿತ್ತು.

“ಇದನ್ನ ನಂಬಬೇಡಿ,” ಎಂದ ಮಮ್ದೂಹ್. “ಈ ರಿಪೇರಿಯವನು ತಂತಿ ಅದಲು ಬದಲು ಮಾಡಿದ್ದಾನೆ. ನನ್ನ ಮಗನ ಹತ್ತಿರ ಹೊಸ ಯಂತ್ರ ಇದೆ. ಅದರಲ್ಲಿ ಇಂಟು ಒತ್ತಿದರೇನೆ ಮುಂದೆ ಹೋಗೋದು.”

ಅಬ್ಲಾ ನಗಾತ್ ಕಕ್ಕಾಬಿಕ್ಕಿಯಾದರು. “ಹಾಗಾದ್ರೆ ಇಂಟು ಅಂದ್ರೆ ಸರಿ ಅಂತಲಾ? ರೈಟ್ ಅಂದ್ರೆ ಏನು ಮತ್ತೆ?”

“ಅಬ್ಲಾ, ಅದು ಅಮೆರಿಕದವರ ರುಚಿಗೆ ಬದಲಾಯಿಸಿದ್ದು,” ಎಂದ ಬಿಶಾರ. “ತಪ್ಪಿನ ಗುರುತು ಒತ್ತಿದರೇನೆ ಅವರು ಮುಂದೆ ಹೋಗೋದು.”

ಈ ವಾದ ಅಬ್ಲಾ ನಗಾತರಿಗೆ ಬಹಳ ಹಿಡಿಸಿತು. ಆದರೆ ಉಸ್ತಾದ್ ಫಿಕ್ರಿ ಗಡಿಯಾರ ನೋಡಿದರು. ಒಂದು ಐವತ್ತು. ಅವರು ಮೊಹರು ಎತ್ತಿಕೊಂಡು, “ಆಟ ಸಾಕು, ಇದನ್ನ ತೆಗೀರಿ” ಎಂದು ಅಬ್ಲಾರ ಕೈಯಿಂದ ಗುಂಡಿಪೆಟ್ಟಿಗೆ ಕಿತ್ತುಕೊಂಡರು.

ಕಿತ್ತುಕೊಂಡದ್ದೇ ತಪ್ಪಾಯಿತು. ಬೋಳು ತಲೆ, ಕಂದು ಟೈ, ಅವರಿಗೂ ನಮ್ಮದೇ ವಯಸ್ಸು. ಮೊಹರು ಮೇಜಿನ ಮೇಲೆ ಬಿತ್ತು. ಅವರು ತೆರೆಯನ್ನು ನೋಡಲೂ ಇಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ಹೊರಟಿತು. ಕೆಳಗೆ ಕೆಳಗೆ, ಮೂರನೇ ಸಾಲು. ಪಕ್ಕಕ್ಕೆ, ಎರಡನೆಯದು. ದುಂಡು. ದುಂಡು. ಎರಡನೇ ಪುಟ, ನಾಲ್ಕನೇ ಸಾಲು, ಕೊನೆಯದು. ದುಂಡು. ತೆರೆಯ ಮೇಲೆ ಬ್ರೆಜಿಲಿನ ಹನ್ನೊಂದು ಮಂದಿ ಸಾಲಾಗಿ ನಿಂತರು.

ಫಿಕ್ರಿಯವರ ಕಿವಿ ಕೆಂಪಾಗಿತ್ತು. ಅವರು ಗುಂಡಿಪೆಟ್ಟಿಗೆ ಕೆಳಗಿಟ್ಟು, ಟೈ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು: “ದುಂಡು ಅಂದರೆ ಪಾಸು.”

“ನಿಮಗೆ ಜಪಾನಿ ಬರುತ್ತಾ ಉಸ್ತಾದ್?” ಎಂದು ಮಮ್ದೂಹ್ ಹಲ್ಲು ಕಡಿದ.

“ಓದೋಕೆ ಬರುತ್ತೆ,” ಎಂದರು ಫಿಕ್ರಿ. “ಮಾತು ಸ್ವಲ್ಪ ಸ್ವಲ್ಪ.”

ಕಡತದಲ್ಲಿ “ಜಪಾನಿ ಭಾಷಾ ತಜ್ಞರ ಸಮಿತಿಯ ಒಮ್ಮತದ ಅಭಿಪ್ರಾಯದಂತೆ” ಎಂದು ಬರೆದರು. ಸಮಿತಿಯ ಸದಸ್ಯರಾಗಿ ನಾವು ನಾಲ್ವರೂ ಸಹಿ ಹಾಕಿದೆವು. ಶಹ್ತಾನ ಸಹಿಗೆ ಮೀನಿನ ಪೊರೆ ಅಂಟಿಕೊಂಡಿತ್ತು; ಅದರ ಮೇಲೆಯೇ ಮೊಹರು ಬಿತ್ತು. ಆ ಹೊತ್ತಿಗೆ ಗುಮಾಸ್ತ ಓಡಿಬಂದ. ಹಸೆಗಾವಾ ಮೇಡಂ ವಿಮಾನ ಇಳಿದು, ನಮ್ಮ ಪ್ರಶ್ನೆಗೆ ತಾವೇ ಉತ್ತರ ಕಳಿಸಿದ್ದರು. ಅಬ್ಲಾ ನಗಾತ್ ಕನ್ನಡಕ ಹಾಕಿಕೊಂಡು ಫೋನ್ ನೋಡಿದರು. ಒಂದಕ್ಷರವೂ ಇರಲಿಲ್ಲ. ದೊಡ್ಡದಾಗಿ ಒಂದು ದುಂಡು ಇತ್ತು.

“ಐದು ಅಂತ ಕಳಿಸಿದ್ದಾರೆ,” ಎಂದರು ಅವರು ಚಿಂತೆಯಿಂದ. “ಏನು ಐದು?”

ಶಾಹಿಂದಾ ಶಾಲೆಗೆ ಸೇರಿದಳು. ಗಿಹಾನ್ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಬಾಲ್ಕನಿಯಿಂದ ಬುಟ್ಟಿ ಇಳಿಬಿಡುತ್ತ ಇಡೀ ಬೀದಿಗೆ ಕೇಳುವಂತೆ, “ನಮ್ಮವರು ಮೊದಲೇ ಹೇಳಿದ್ರು, ಇಲಾಖೆಯವರಿಗೆ ಅರ್ಥವಾಗೋಕೆ ತಡವಾಯ್ತು” ಎಂದಳು. ವಗ್ದಿ ಒಳಗೆ ಕೂತು ತಾನು ಕುಡಿದ ಲೋಟವನ್ನು ತಾನೇ ತೊಳೆಯುತ್ತಿದ್ದ. ಮಗಳ ಅಪ್ಪಣೆ.

ಒಂದು ವಾರದ ಮೇಲೆ ನಾನು ಅಲ್ಲಿಗೆ ಹೋದಾಗ ಮಮ್ದೂಹ್ ಒಂದು ಕಿಲೋ ಬಸ್ಬೂಸಾ ಸಿಹಿಯ ಡಬ್ಬ ಮಡಿಲಲ್ಲಿಟ್ಟುಕೊಂಡು ಸೋಫಾದ ಅಂಚಿನಲ್ಲಿ ಕೂತಿದ್ದ. ಮುಂದಿನ ವರ್ಷ ಮತ್ತೆ ಸಂದರ್ಶನವಿದೆ. ಅಷ್ಟರೊಳಗೆ ತಮೀಮನಿಗೆ ನಾಲ್ಕಕ್ಷರ ಜಪಾನಿ ಕಲಿಸಿಕೊಡಬೇಕೆಂದು ಅವನು ವಗ್ದಿಯ ಕೈಹಿಡಿದು ಬೇಡಿಕೊಂಡಿದ್ದನಂತೆ. ನೆಲದ ಮೇಲೆ ತಮೀಮ್ ಗುಂಡಿಪೆಟ್ಟಿಗೆ ಹಿಡಿದು ಕೂತಿದ್ದ. ವಗ್ದಿ ಬೆನ್ನ ಹಿಂದೆ ಕೈಕಟ್ಟಿ ನಿಂತು ಪಾಠ ಹೇಳುತ್ತಿದ್ದ.

“ಕೆಳಗೆ ಹೋಗು. ಮೂರನೇ ಸಾಲು. ಹಾಂ, ಅಲ್ಲಿ ಎರಡನೇದು.”

ತಮೀಮ್ ತೆರೆಗೆ ಮೂಗು ತಾಗಿಸಿ ಕೇಳಿದ, “ಇಲ್ಲಿ ಏನು ಬರೆದಿದೆ ಅಂಕಲ್?”

“ಓದಬೇಡ ಕಂದಾ,” ಎಂದ ವಗ್ದಿ. “ಓದೋಕೆ ಹೋದರೆ ದಾರಿ ತಪ್ಪುತ್ತೆ.”